ರೇಷ್ಮೆಗೂಡಿನ ಧಾರಣೆ ಮತ್ತು ಸರ್ವಾಧಿಕಾರದ ಉದಯ

ಮೈಸೂರು ಜಿಲ್ಲೆಯ ಮೂಗೂರು, ತಿರುಮಕೂಡಲು ನರಸೀಪುರ ಹಾಗೂ ನೆರೆಯ ಕೊಳ್ಳೇಗಾಲದ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಗೂಡು ಮಾರುವ ಕಸುಬು ಹಳೆಯದು. ಗೂಡಿನ ಧಾರಣೆ ಏರಿದ ವರ್ಷ ಮನೆಯಲ್ಲಿ ಮದುವೆ, ಇಳಿದ ವರ್ಷ ಸಾಲ. ಬೆಳೆಗಾರನ ಬದುಕು ಈ ಲೆಕ್ಕಕ್ಕೆ ಕಟ್ಟುಬಿದ್ದುದು. ರೇಷ್ಮೆಯ ಬಳಕೆ ಯುಕ್ತವೋ ಅಯುಕ್ತವೋ ಎಂಬ ಧರ್ಮವಿಚಾರ ಬೇರೆಯೇ ಇದೆ. ಅದು ಇಲ್ಲಿ ಪ್ರಸ್ತುತವಲ್ಲ. 1930ರ ಸುಮಾರಿಗೆ ಈ ಧಾರಣೆಯು ಕುಸಿದಾಗ ಮೈಸೂರು ಸೀಮೆಯಲ್ಲಿ ಏನಾಯಿತು, ಅದೇ ಕಾಲಕ್ಕೆ ಜಪಾನಿನಲ್ಲಿ ಏನಾಯಿತು ಎಂಬುದನ್ನು ಹೋಲಿಸಿ ನೋಡಿದರೆ, ಜಗತ್ತು ಎರಡನೆಯ ಮಹಾಯುದ್ಧದ ಕಡೆಗೆ ನಡೆದ ದಾರಿಯ ಒಂದು ಮುಖ್ಯ ತಿರುವು ಸ್ಪಷ್ಟವಾಗುತ್ತದೆ.

ಮೈಸೂರಿನ ರೇಷ್ಮೆಗೂ ಜಪಾನಿಗೂ ಸಂಬಂಧ ಹೊಸದೇನಲ್ಲ. ಜಮ್‌ಸೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟವನ್ನು ಸ್ಥಾಪಿಸಿದಾಗ ಜಪಾನಿನ ನಿಪುಣರನ್ನೇ ಕರೆಸಿದ್ದರು. ಅಂದು ಗುರುವಾಗಿ ಬಂದ ದೇಶವೇ ಮುಂದೆ ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಯಾಯಿತು. ಜಪಾನಿನ ರೈತ ಕುಟುಂಬಗಳಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟು ಗೂಡು ಬೆಳೆಯುತ್ತಿದ್ದವು. ಅಲ್ಲಿಯ ಕಚ್ಚಾ ರೇಷ್ಮೆಯ ಬಹುಭಾಗವನ್ನು ಅಮೆರಿಕವೊಂದೇ ಕೊಳ್ಳುತ್ತಿತ್ತು. ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರದ ಅಪಾಯವೇನೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ.

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಕುಸಿಯಿತು. ಕೈ ಬಿಗಿಯಾದಾಗ ಜನರು ಮೊದಲು ಬಿಡುವುದು ರೇಷ್ಮೆಯಂಥ ಭೋಗವಸ್ತುವನ್ನು. 1930ರ ಒಂದೇ ವರ್ಷದಲ್ಲಿ ಜಪಾನಿನ ಗೂಡಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅಕ್ಕಿಯ ಬೆಲೆಯೂ ಬಿದ್ದಿತು. ಈಶಾನ್ಯದ ಬಡ ಪ್ರಾಂತ್ಯಗಳಲ್ಲಿ ಸಾಲಕ್ಕೆ ಹೆಣ್ಣುಮಕ್ಕಳನ್ನೇ ಮಾರುವ ದುಃಸ್ಥಿತಿ ಬಂದಿತು. 1931ರ ಡಿಸೆಂಬರಿನಲ್ಲಿ ಜಪಾನು ಚಿನ್ನದ ಪ್ರಮಾಣವನ್ನು ಕೈಬಿಟ್ಟಿತು. ಯೆನ್ನಿನ ಬೆಲೆ ಇಳಿದು, ಅಗ್ಗದ ಜಪಾನೀ ರೇಷ್ಮೆ ಭಾರತದ ಪೇಟೆಗಳಿಗೆ ನುಗ್ಗಿತು. ಮೈಸೂರು ಸೀಮೆಯ ಬೆಳೆಗಾರನೂ ನೂಲು ಬಿಚ್ಚುವವನೂ ನಷ್ಟಕ್ಕೆ ಸಿಕ್ಕರು. ಹಿಪ್ಪುನೇರಳೆಯ ಹೊಲಗಳು ಕಡಿಮೆಯಾದವು.

ಸಂಕಟವು ಎರಡು ಕಡೆಯೂ ಒಂದೇ ಮೂಲದ್ದು. ಅದು ಹರಿದ ದಿಕ್ಕು ಮಾತ್ರ ಬೇರೆಯಾಯಿತು. ಇಲ್ಲಿ ಅಹವಾಲುಗಳು ಸಲ್ಲಿಕೆಯಾದವು. ಸುಂಕ ಮಂಡಲಿಯು ವಿಚಾರಣೆ ನಡೆಸಿತು. 1934ರಲ್ಲಿ ಭಾರತ ಸರ್ಕಾರವು ವಿದೇಶೀ ರೇಷ್ಮೆಗೆ ರಕ್ಷಣಾ ಸುಂಕವನ್ನು ವಿಧಿಸಿತು. ಪರಿಹಾರ ತಡವಾಗಿಯೇ ಬಂದಿತು, ಸಾಕಾಗುವಷ್ಟೂ ಇರಲಿಲ್ಲ. ಆದರೆ ಧಾರಣೆ ಬಿದ್ದುದಕ್ಕೆ ಯಾರ ರಕ್ತವೂ ಹರಿಯಲಿಲ್ಲ.

ಜಪಾನಿನಲ್ಲಿ ಹಾಗಾಗಲಿಲ್ಲ. ರೈತನ ದುಃಖಕ್ಕೆ ಮಂತ್ರಿಗಳೂ ದೊಡ್ಡ ವರ್ತಕರೂ ವಿದೇಶೀಯರೂ ಕಾರಣರೆಂದು ಹೇಳುವ ಗುಂಪುಗಳು ಸೈನ್ಯದೊಳಗೂ ಹೊರಗೂ ಹುಟ್ಟಿಕೊಂಡವು. 1930ರ ನವೆಂಬರಿನಲ್ಲಿ ಪ್ರಧಾನಿ ಹಮಾಗುಚಿ ಅವರಿಗೆ ಟೋಕಿಯೋ ರೈಲ್ವೆ ನಿಲ್ದಾಣದಲ್ಲಿ ಗುಂಡು ತಗುಲಿತು. ಮರುವರ್ಷ ಅವರು ತೀರಿಕೊಂಡರು. 1931ರ ಸೆಪ್ಟೆಂಬರ್ 18ರಂದು ಸೇನಾಧಿಕಾರಿಗಳು ತಾವೇ ರೈಲು ಹಳಿಯನ್ನು ಸ್ಫೋಟಿಸಿ, ಚೀನೀಯರ ಮೇಲೆ ಆರೋಪ ಹೊರಿಸಿ, ಮಂಚೂರಿಯಾವನ್ನು ಆಕ್ರಮಿಸತೊಡಗಿದರು. ಟೋಕಿಯೋದ ಸರ್ಕಾರ ಅಪ್ಪಣೆ ಕೊಟ್ಟಿರಲಿಲ್ಲ, ತಡೆಯಲೂ ಆಗಲಿಲ್ಲ. 1932ರ ಫೆಬ್ರವರಿಯಲ್ಲಿ ಮಾಜಿ ಅರ್ಥಮಂತ್ರಿ ಇನೂಯೆ, ಮಾರ್ಚಿಯಲ್ಲಿ ಮಿತ್ಸುಯಿ ಸಂಸ್ಥೆಯ ಮುಖ್ಯಸ್ಥ ದಾನ್ ತಕುಮಾ, ಮೇ 15ರಂದು ವೃದ್ಧ ಪ್ರಧಾನಿ ಇನುಕಾಯಿ ಹತರಾದರು. ಇನುಕಾಯಿ ಅವರನ್ನು ಕೊಂದವರು ಸಮವಸ್ತ್ರ ಧರಿಸಿದ ಯುವ ನೌಕಾಧಿಕಾರಿಗಳು.

ಅನಂತರ ನಡೆದುದು ಕೊಲೆಗಿಂತಲೂ ಗಂಭೀರವಾದುದು. ವಿಚಾರಣೆಯ ಕಾಲದಲ್ಲಿ ಕೊಲೆಗಾರರು ದೇಶಭಕ್ತರೆಂದು ಕೀರ್ತಿ ಪಡೆದರು. ಅವರ ಉದ್ದೇಶ ನಿರ್ಮಲವಾಗಿತ್ತು, ಸ್ವಾರ್ಥ ಇರಲಿಲ್ಲ, ಬಡ ರೈತನಿಗಾಗಿ ಮರುಗಿದರು ಎಂಬ ಮಾತು ದೇಶದಲ್ಲೆಲ್ಲ ಹಬ್ಬಿತು. ದಯೆ ತೋರಬೇಕೆಂದು ಲಕ್ಷಕ್ಕೂ ಹೆಚ್ಚು ಮನವಿಗಳು ಬಂದವು. ಒಬ್ಬನಿಗೂ ಮರಣದಂಡನೆ ಆಗಲಿಲ್ಲ. ಉದ್ದೇಶ ಒಳ್ಳೆಯದಾದರೆ ಕೊಲೆಯೂ ಕ್ಷಮ್ಯ ಎಂಬುದನ್ನು ಸಮಾಜವು ಒಪ್ಪಿದ ದಿನದಿಂದ ಅಲ್ಲಿ ಬೇಡವೆನ್ನುವ ಧ್ವನಿ ಅಡಗುತ್ತ ಬಂದಿತು. 1936ರ ಫೆಬ್ರವರಿ 26ರಂದು ದಂಗೆಯೆದ್ದ ಸೈನಿಕರು ಅರ್ಥಮಂತ್ರಿ ತಕಹಾಶಿ ಅವರನ್ನು ಮನೆಯಲ್ಲಿಯೇ ಕೊಂದರು. ಎಂಬತ್ತು ದಾಟಿದ ಆ ಮುದುಕರ ಅಪರಾಧವೆಂದರೆ, ದೇಶದ ಜಮಾಖರ್ಚನ್ನು ನೋಡಿ ಸೈನ್ಯದ ವೆಚ್ಚ ಇನ್ನು ಹೆಚ್ಚಬಾರದೆಂದದ್ದು. ಈ ಬಾರಿ ದಂಗೆಯ ಮುಖಂಡರಿಗೆ ಮರಣದಂಡನೆಯಾಯಿತು. ಆದರೆ ಸೈನ್ಯದ ಲೆಕ್ಕ ಕೇಳುವ ಧೈರ್ಯವು ಮುಂದಿನವರಲ್ಲಿ ಉಳಿಯಲಿಲ್ಲ. 1937ರ ಜುಲೈಯಲ್ಲಿ ಚೀನಾದೊಡನೆ ಪೂರ್ಣ ಯುದ್ಧ ಆರಂಭವಾಯಿತು. 1940ರಲ್ಲಿ ರಾಜಕೀಯ ಪಕ್ಷಗಳೆಲ್ಲ ವಿಸರ್ಜನೆಗೊಂಡವು.

ಯೂರೋಪಿನಲ್ಲಿಯೂ ಇದೇ ಕ್ರಮ. ಇಟಲಿಯು 1922ರಲ್ಲಿಯೇ ಮುಸೊಲಿನಿಯ ವಶವಾಗಿತ್ತು. ಜರ್ಮನಿಯಲ್ಲಿ 1928ರಲ್ಲಿ ನೂರಕ್ಕೆ ಮೂರು ಮತಗಳನ್ನೂ ಪಡೆಯದ ಹಿಟ್ಲರನ ಪಕ್ಷವು, ಅರವತ್ತು ಲಕ್ಷ ಜನ ನಿರುದ್ಯೋಗಿಗಳಾದ 1932ರಲ್ಲಿ ಮೂವತ್ತೇಳರಷ್ಟನ್ನು ಪಡೆಯಿತು. 1933ರ ಜನವರಿ 30ರಂದು ಆತ ಪ್ರಧಾನಿಯಾದ. ಮಾರ್ಚ್ 23ರಂದು ಸಂಸತ್ತು ತನ್ನ ಅಧಿಕಾರವನ್ನು ತಾನೇ ಅವನಿಗೆ ಒಪ್ಪಿಸಿತು. ವಿರುದ್ಧ ಮತ ಹಾಕಿದವರು ತೊಂಬತ್ತನಾಲ್ಕು ಮಂದಿ ಮಾತ್ರ. ಏಪ್ರಿಲ್ 1ರಂದು ಯೆಹೂದಿಗಳ ಅಂಗಡಿಗಳಿಗೆ ಬಹಿಷ್ಕಾರ ನಡೆಯಿತು. ಮುಂದಿನ ವರ್ಷಗಳಲ್ಲಿ ನೆರೆಯ ವರ್ತಕರೇ ಅಂಥ ಅಂಗಡಿಗಳನ್ನು ಅರೆಬೆಲೆಗಿಂತ ಕಡಿಮೆಗೆ ಕೊಂಡರು. ಕಾಗದಪತ್ರ ಕ್ರಮಬದ್ಧವಾಗಿದ್ದರೂ ಹೆದರಿಸಿ ಪಡೆದ ಸೊತ್ತು ಕಳವಿನ ಸೊತ್ತೇ. 1940ರ ಸೆಪ್ಟೆಂಬರಿನಲ್ಲಿ ಈ ಮೂರು ದೇಶಗಳೂ ಒಪ್ಪಂದ ಮಾಡಿಕೊಂಡವು.

1941ರ ಡಿಸೆಂಬರಿನಲ್ಲಿ ಜಪಾನು ಅಮೆರಿಕದ ಮೇಲೆ ಎರಗುವ ಹೊತ್ತಿಗೆ ಅಮೆರಿಕಕ್ಕೆ ಜಪಾನೀ ರೇಷ್ಮೆಯ ರಫ್ತು ನಿಂತಿತ್ತು. ಪ್ಯಾರಾಚೂಟುಗಳಿಗೆ ಮೈಸೂರಿನ ರೇಷ್ಮೆ ಬೇಕಾಯಿತು. ಹತ್ತು ವರ್ಷದ ಹಿಂದೆ ಕೇಳುವವರಿಲ್ಲದ ಗೂಡಿಗೆ ಚಿನ್ನದ ಬೆಲೆ ಬಂದಿತು. ಆ ಲಾಭದಲ್ಲಿ ಬೆಳೆಗಾರನ ತಪ್ಪೇನೂ ಇರಲಿಲ್ಲ. ಆದರೂ ಯುದ್ಧವು ತಂದ ಧಾರಣೆ ಯುದ್ಧದೊಡನೆಯೇ ಹೋಯಿತು. ಅತ್ತ ಜಪಾನಿನಲ್ಲಿ, ಯಾರ ಹೆಸರಿನಲ್ಲಿ ಕೊಲೆಗಳು ನಡೆದವೋ ಆ ರೈತನ ಮಗನೇ ಸೈನಿಕನಾಗಿ ಮಡಿದ. ಅವನ ದೇಶವು 1945ರ ಆಗಸ್ಟಿನಲ್ಲಿ ಹಿರೋಶಿಮಾ, ನಾಗಸಾಕಿಗಳನ್ನು ಕಂಡಿತು.

ಇದರಿಂದ ಮೈಸೂರಿನ ಜನ ಜಪಾನೀಯರಿಗಿಂತ ಮೇಲೆಂದು ಭಾವಿಸುವುದು ಸಲ್ಲದು. ಇದೇ ಸಂಸ್ಥಾನದಲ್ಲಿ 1938ರ ಏಪ್ರಿಲಿನಲ್ಲಿ ಬಾವುಟ ಹಿಡಿದು ವಿದುರಾಶ್ವತ್ಥದಲ್ಲಿ ಸೇರಿದ ನಿರಾಯುಧ ಜನರ ಮೇಲೆ ಗುಂಡು ಹಾರಿತು. ಆದರೆ ಗುಂಡು ಹಾರಿಸಿದ್ದನ್ನು ಪುಣ್ಯಕಾರ್ಯವೆಂದು ನಾಡು ಕೊಂಡಾಡಲಿಲ್ಲ. ಪ್ರತಿಭಟನೆ ಎದ್ದಿತು, ಮಾತುಕತೆ ನಡೆಯಿತು, ಸರ್ಕಾರವೂ ಬಾಗಿತು. ತಪ್ಪನ್ನು ತಪ್ಪೆನ್ನುವವರು ಉಳಿದಿದ್ದರು ಎಂಬುದೇ ಇಲ್ಲಿಯ ವ್ಯತ್ಯಾಸ.

ಬಡತನವೊಂದೇ ಸರ್ವಾಧಿಕಾರಿಯನ್ನು ಹುಟ್ಟಿಸುವುದಿಲ್ಲ. ಬಡತನಕ್ಕೆ ಒಬ್ಬ ವೈರಿಯನ್ನು ತೋರಿಸುವವನು ಬೇಕು. ಅವನು ಮಾಡಿದ ಹಿಂಸೆಗೆ ಉದ್ದೇಶದ ಹೆಸರಿನಲ್ಲಿ ಕ್ಷಮೆ ನೀಡುವ ಸಭ್ಯರು ಬೇಕು. ಲೆಕ್ಕ ಕೇಳುವವನು ಒಂಟಿಯಾದಾಗ ಸುಮ್ಮನಿರುವವರು ಬೇಕು. ಮೊದಲನೆಯವನನ್ನು ತಡೆಯುವುದು ಎಲ್ಲರ ಕೈಯಲ್ಲಿಲ್ಲ. ಉಳಿದ ಎರಡು ವರ್ಗಗಳಿಗೆ ಸೇರದಿರುವುದು ಪ್ರತಿಯೊಬ್ಬ ಗೃಹಸ್ಥನ ಕೈಯಲ್ಲಿದೆ. ಅದರ ಅಭ್ಯಾಸ ದೊಡ್ಡ ಸಂಸತ್ತುಗಳಲ್ಲಿ ಅಲ್ಲ, ಊರಿನ ಸಣ್ಣ ಸಭೆಗಳಲ್ಲಿ, ಜಮಾಖರ್ಚಿನ ಪುಸ್ತಕ ತೆರೆದಿಟ್ಟು ಒಬ್ಬರು ಪ್ರಶ್ನೆ ಕೇಳಿದಾಗ ಉಳಿದವರು ಅವರ ಮಾತನ್ನು ಪೂರ್ತಿ ಕೇಳುವಲ್ಲಿ ಆರಂಭವಾಗುತ್ತದೆ.