ಲೆಕ್ಕಪತ್ರ ಮಾನದಂಡಗಳು ಮತ್ತು ಕಂಪನಿ ಆಡಳಿತ: ಕರ್ನಾಟಕದಲ್ಲಿ

ಕಂಪನಿಯೊಂದು ತನ್ನ ಆದಾಯ, ವೆಚ್ಚ, ಆಸ್ತಿ ಮತ್ತು ಸಾಲಗಳನ್ನು ಯಾವ ಕ್ರಮದಲ್ಲಿ ಅಳೆದು ಪ್ರಕಟಿಸಬೇಕೆಂದು ವಿಧಿಸುವ ನಿಯಮಗಳು ಲೆಕ್ಕಪತ್ರ ಮಾನದಂಡಗಳೆನಿಸಿದರೆ, ಷೇರುದಾರರು, ನಿರ್ದೇಶಕ ಮಂಡಳಿ ಮತ್ತು ಕಾರ್ಯನಿರ್ವಾಹಕರ ನಡುವೆ ಅಧಿಕಾರವನ್ನೂ ಹೊಣೆಯನ್ನೂ ಹಂಚುವ ವ್ಯವಸ್ಥೆಗೆ ಕಂಪನಿ ಆಡಳಿತ ಎಂದು ಹೆಸರು. ಇವು ತಾವಾಗಿ ಲಾಭ ತರುವುದಿಲ್ಲ. ಹಣ ಹೂಡುವವರ ವಿಶ್ವಾಸವನ್ನು ಹೆಚ್ಚಿಸಿ ಅಥವಾ ಕುಗ್ಗಿಸಿ, ಆ ಮೂಲಕ ಬಂಡವಾಳದ ವೆಚ್ಚವನ್ನು, ಅಂದರೆ ಸಾಲದ ಬಡ್ಡಿಯನ್ನೂ ಹೂಡಿಕೆದಾರರು ಬಯಸುವ ಪ್ರತಿಫಲವನ್ನೂ, ಬದಲಿಸುತ್ತವೆ.

ಅಂದಿನ ಧಾರವಾಡ ಜಿಲ್ಲೆಯಲ್ಲಿ, ಹೊರಗಿನವರು ಲೆಕ್ಕ ತಪಾಸಿಸುವ ಪದ್ಧತಿ ಹಳ್ಳಿಗಳಿಗೆ ಬಂದದ್ದು ಕಂಪನಿಗಳಿಂದಲ್ಲ, ಸಹಕಾರ ಸಂಘಗಳಿಂದ. 1904ರ ಸಹಕಾರ ಕಾಯ್ದೆಯು ಪ್ರತಿ ಸಂಘದ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಪರಿಶೋಧಿಸುವ ಹೊಣೆಯನ್ನು ನಿಬಂಧಕರಿಗೆ ವಹಿಸಿತು; ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಕಂಪನಿಗಳ ಕ್ಷೇತ್ರದಲ್ಲಿ 1949ರಲ್ಲಿ ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆಯೂ, 1977ರಲ್ಲಿ ಅದರ ಲೆಕ್ಕಪತ್ರ ಮಾನದಂಡ ಮಂಡಳಿಯೂ ಹುಟ್ಟಿದವಾದರೂ, ಮಾನದಂಡಗಳ ಪಾಲನೆಗೆ ಕಂಪನಿ ಕಾಯ್ದೆಯ ಬಲ ದೊರೆತದ್ದು 1999ರ ತಿದ್ದುಪಡಿಯಿಂದ.

ಕಾನೂನಿನ ಒತ್ತಾಯಕ್ಕೆ ಕಾಯದೆ ಲೆಕ್ಕವನ್ನು ತೆರೆದಿಟ್ಟ ಉದಾಹರಣೆಯಾಗಿ ಬೆಂಗಳೂರಿನ ಇನ್ಫೋಸಿಸ್ ಅನ್ನು ಹೆಸರಿಸುವುದು ವಾಡಿಕೆ. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದ ಈ ಕಂಪನಿಯು 1993ರಲ್ಲಿ 95 ರೂಪಾಯಿಗೊಂದರಂತೆ ಷೇರು ಮಾರಲು ಹೊರಟಾಗ ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಆಮೇಲೆ ಅದು ಭಾರತೀಯ ಪದ್ಧತಿಯ ಜೊತೆಗೆ ಅಮೆರಿಕದ ಪದ್ಧತಿಯಲ್ಲೂ ಲೆಕ್ಕ ಪ್ರಕಟಿಸಿ, 1999ರ ಮಾರ್ಚ್‌ನಲ್ಲಿ ನ್ಯಾಸ್‌ಡ್ಯಾಕ್ ವಿನಿಮಯ ಕೇಂದ್ರದಲ್ಲಿ ಸ್ಥಾನ ಪಡೆದ ಮೊದಲ ಭಾರತೀಯ ನೋಂದಾಯಿತ ಕಂಪನಿಯಾಯಿತು. ಜಮೀನು, ಯಂತ್ರಗಳಂತಹ ಒತ್ತೆಯಿಡಬಲ್ಲ ಆಸ್ತಿ ಕಡಿಮೆಯಿರುವ ಸಾಫ್ಟ್‌ವೇರ್ ಉದ್ಯಮದಲ್ಲಿ ಲೆಕ್ಕದ ಪಾರದರ್ಶಕತೆಯೇ ಅಡಮಾನದ ಕೆಲಸ ಮಾಡಿತು. ಆದರೆ ಅದರ ಲಾಭಕ್ಕೆ ಡಾಲರಿನಲ್ಲಿ ಬರುವ ಆದಾಯ ಮತ್ತು ರೂಪಾಯಿಯಲ್ಲಿ ಕೊಡುವ ಸಂಬಳಗಳ ನಡುವಿನ ಅಂತರವೂ ಕಾರಣವಾಗಿದ್ದರಿಂದ, ಬೆಳವಣಿಗೆಯ ಶ್ರೇಯಸ್ಸನ್ನೆಲ್ಲ ಉತ್ತಮ ಆಡಳಿತದ ಖಾತೆಗೆ ಜಮೆ ಮಾಡುವುದು ಸರಿಯಲ್ಲ.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 2000ದಲ್ಲಿ, ಕುಮಾರಮಂಗಲಂ ಬಿರ್ಲಾ ಸಮಿತಿಯ ಸಲಹೆಯಂತೆ, ಸ್ವತಂತ್ರ ನಿರ್ದೇಶಕರನ್ನೂ ಲೆಕ್ಕಪರಿಶೋಧನಾ ಸಮಿತಿಯನ್ನೂ ಕಡ್ಡಾಯಗೊಳಿಸಿತು. ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿ ಅಧ್ಯಕ್ಷತೆಯ ಸಮಿತಿಯು 2003ರಲ್ಲಿ ಈ ನಿಯಮಗಳನ್ನು ಬಿಗಿಗೊಳಿಸಲು ಸೂಚಿಸಿ, ಅಕ್ರಮದ ಸುಳಿವು ಕೊಡುವ ನೌಕರರಿಗೆ ರಕ್ಷಣೆಯನ್ನೂ ಕೇಳಿತು. ನಿಯಮಗಳ ಮಿತಿ ಬಯಲಾದದ್ದು 2009ರ ಜನವರಿ 7ರಂದು: ಹೈದರಾಬಾದಿನ ಸತ್ಯಂ ಕಂಪನಿಯ ಅಧ್ಯಕ್ಷ ಬಿ. ರಾಮಲಿಂಗರಾಜು, ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,000 ಕೋಟಿ ರೂಪಾಯಿಗೂ ಹೆಚ್ಚು ಸುಳ್ಳೆಂದು ಒಪ್ಪಿಕೊಂಡರು. ಹೆಸರಾಂತ ಸ್ವತಂತ್ರ ನಿರ್ದೇಶಕರು, ಅಂತರರಾಷ್ಟ್ರೀಯ ಖ್ಯಾತಿಯ ಲೆಕ್ಕಪರಿಶೋಧಕರು, ಆಡಳಿತಕ್ಕಾಗಿ ಬಂದ ಪ್ರಶಸ್ತಿ, ಎಲ್ಲವೂ ಆ ಕಂಪನಿಗಿದ್ದವು. 2013ರ ಕಂಪನಿ ಕಾಯ್ದೆಯಲ್ಲಿ ಲೆಕ್ಕಪರಿಶೋಧಕರನ್ನು ಸರದಿಯಂತೆ ಬದಲಿಸುವ ನಿಯಮ ಸೇರಿದ್ದು ಈ ಹಿನ್ನೆಲೆಯಲ್ಲಿ.

ಮಾನದಂಡ ಬದಲಾದಾಗ ವ್ಯವಹಾರ ಬದಲಾಗದಿದ್ದರೂ ಅಂಕಿಗಳು ಬದಲಾಗುವುದುಂಟು. ಅಂತರರಾಷ್ಟ್ರೀಯ ಪದ್ಧತಿಗೆ ಹೊಂದಿಸಿದ ಹೊಸ ಭಾರತೀಯ ಮಾನದಂಡಗಳು 2016ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳಿಗೆ ಕಡ್ಡಾಯವಾದವು. 2019ರಿಂದ ದೀರ್ಘಾವಧಿ ಬಾಡಿಗೆಯ ಬಾಧ್ಯತೆಗಳನ್ನು ಸಾಲದಂತೆ ಅಢಾವೆ ಪತ್ರಿಕೆಯಲ್ಲಿ ತೋರಿಸಬೇಕಾದ್ದರಿಂದ, ಬಾಡಿಗೆ ಕಟ್ಟಡಗಳಲ್ಲಿ ನಡೆಯುವ ಕಂಪನಿಗಳ ಸಾಲ ಒಮ್ಮೆಲೇ ಏರಿದಂತೆ ಕಂಡಿತು. ಹಿಂದಿನ ವರ್ಷಗಳೊಡನೆ ಹೋಲಿಸುವವರು ಇದನ್ನು ಗಮನಿಸದಿದ್ದರೆ ಕಂಪನಿಯ ಸಾಧನೆಯನ್ನು ತಪ್ಪಾಗಿ ಅಳೆಯುತ್ತಾರೆ.

ಆಡಳಿತದ ಬಗೆಗಿನ ಅನುಮಾನಕ್ಕೆ ಮಾರುಕಟ್ಟೆ ಎಷ್ಟು ಬೇಗ ಬೆಲೆ ಕಟ್ಟುತ್ತದೆಂಬುದು ಇನ್ಫೋಸಿಸ್‌ನಲ್ಲೇ ಎರಡು ಬಾರಿ ಕಂಡಿತು. ಸ್ಥಾಪಕರೊಡನೆ ತಲೆದೋರಿದ ಭಿನ್ನಾಭಿಪ್ರಾಯದ ನಡುವೆ ಕಂಪನಿಯ ಮುಖ್ಯ ಕಾರ್ಯನಿರ್ವಾಹಕ ವಿಶಾಲ್ ಸಿಕ್ಕಾ 2017ರ ಆಗಸ್ಟ್ 18ರಂದು ರಾಜೀನಾಮೆ ನೀಡಿದಾಗ ಷೇರು ಬೆಲೆ ಶೇ 10ರ ಸಮೀಪ ಇಳಿಯಿತು. 2019ರ ಅಕ್ಟೋಬರ್‌ನಲ್ಲಿ ಲೆಕ್ಕಗಳ ಬಗ್ಗೆ ಬಂದ ಅನಾಮಧೇಯ ದೂರು ಬಹಿರಂಗವಾದಾಗ ಅದು ಒಂದೇ ದಿನದಲ್ಲಿ ಸುಮಾರು ಶೇ 16ರಷ್ಟು ಕುಸಿಯಿತು. ಆರೋಪಗಳಿಗೆ ಆಧಾರವಿಲ್ಲವೆಂದು ಕಂಪನಿಯ ಲೆಕ್ಕಪರಿಶೋಧನಾ ಸಮಿತಿ ತಿಳಿಸಿದ್ದು 2020ರ ಜನವರಿಯಲ್ಲಿ.