ಸಂಪತ್ತು ಯಾರ ಗಳಿಕೆ? – ಸಿದ್ದಾಪುರದ ಕಾಫಿ ತೋಟಗಳು ಹೇಳುವ ಪಾಠ



ಸಿರಿ ಕೈಗೂಡಿದವನು ‘ಇದು ನನ್ನ ದುಡಿಮೆಯ ಫಲ’ ಎನ್ನುತ್ತಾನೆ. ಕೈಗೂಡದವನು ‘ನನ್ನ ಹಣೆಬರಹ’ ಎಂದು ಸುಮ್ಮನಾಗುತ್ತಾನೆ. ಈ ಎರಡು ಮಾತುಗಳಲ್ಲಿ ಸತ್ಯಾಂಶವೆಷ್ಟು ಎಂಬುದನ್ನರಿಯಲು ಕೊಡಗಿನ ಸಿದ್ದಾಪುರದ ಕಾಫಿ ತೋಟಗಳ ಇತಿಹಾಸವನ್ನು ತಾವು ಒಮ್ಮೆ ಅವಲೋಕಿಸಬೇಕು.

1834ರಲ್ಲಿ ಹಾಲೇರಿ ವಂಶದ ಚಿಕ್ಕವೀರರಾಜೇಂದ್ರನು ಪದಚ್ಯುತನಾಗಿ ಕೊಡಗು ಕಂಪನಿ ಸರಕಾರದ ವಶವಾಯಿತು. 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟವನ್ನು ತೆರೆದನು. ಬಳಿಕ ಸಿದ್ದಾಪುರ, ಪಾಲಿಬೆಟ್ಟಗಳ ಸುತ್ತಲಿನ ಬಿದಿರುಕಾಡು ತೋಟಗಳಾಗಿ ಮಾರ್ಪಟ್ಟಿತು. ಬಿಳಿಯರು ಆ ಸೀಮೆಯನ್ನು ‘ಬ್ಯಾಂಬೂ’ ಎಂದೇ ಕರೆದರು. ಆ ಭೂಮಿ ದೊರೆತುದು ಯಾರಿಗೆ? ಬಂಡವಾಳವೂ ಆಳುವವರ ಒಲವೂ ಉಳ್ಳವರಿಗೆ. ತಲೆತಲಾಂತರದಿಂದ ಅಲ್ಲಿ ಬಾಳಿದ ಜೇನುಕುರುಬರು, ಯರವರು ತೋಟದ ಒಡೆಯರಾಗಲಿಲ್ಲ, ಆಳುಗಳಾದರು. ಈ ಅನ್ಯಾಯವೆಲ್ಲ ಪರಕೀಯರದೆಂದು ನಾವು ಸಮಾಧಾನಪಡುವಂತಿಲ್ಲ. ನಮ್ಮವರೇ ಆದ ಹಾಲೇರಿ ಅರಸರ ಕಾಲದಲ್ಲಿಯೂ ಯರವರು ಜಮ್ಮಾ ಭೂಮಿಗೆ ಅಂಟಿದ ಜೀತದಾಳುಗಳಾಗಿದ್ದರು.

ಹಾಗಾದರೆ ಪುರುಷಪ್ರಯತ್ನಕ್ಕೆ ಬೆಲೆಯೇ ಇಲ್ಲವೇ? ಇದೆ. 1860ರ ದಶಕದಲ್ಲಿ ಕಾಂಡಕೊರಕ ಹುಳು ತೋಟಗಳಿಗೆ ನುಗ್ಗಿತು. ಕಾಡುಮರಗಳನ್ನೆಲ್ಲ ಕಡಿದು ಬಿಸಿಲಿನಲ್ಲಿ ಗಿಡ ನೆಟ್ಟವರ ತೋಟಗಳು ಹಾಳಾದುವು. ಡಾಕ್ಟರ್ ಬೀಡಿಯವರ 1869ರ ವರದಿ ನೆರಳಿನ ಅಗತ್ಯವನ್ನು ಎತ್ತಿ ಹೇಳಿತು. ನೆರಳು ಬೆಳೆಸಿ ಮತ್ತೆ ನೆಟ್ಟವರು ಉಳಿದರು. ಆದರೆ ಮರಳಿ ನೆಟ್ಟು ಫಸಲಿಗಾಗಿ ವರ್ಷಗಟ್ಟಲೆ ಕಾಯಬೇಕಾದರೆ ಗಂಟಿನಲ್ಲಿ ಹಣವಿರಬೇಕು. ಸೋಲನ್ನು ತಾಳಿಕೊಳ್ಳುವ ಶಕ್ತಿಯೂ ಉಳ್ಳವನಿಗೇ ಹೆಚ್ಚು.

ಇನ್ನು ಅದೃಷ್ಟದ ಮಾತು. ಬೇಸಿಗೆಯ ಮೊದಲಲ್ಲಿ ಹೂಮಳೆ ಸಕಾಲಕ್ಕೆ ಬಿದ್ದರೆ ಫಸಲು, ತಪ್ಪಿದರೆ ನಷ್ಟ. 1994ರಲ್ಲಿ ಬ್ರೆಜಿಲ್ ದೇಶದ ತೋಟಗಳ ಮೇಲೆ ಹಿಮ ಬಿದ್ದಿತು. ಲೋಕದ ಪೇಟೆಯಲ್ಲಿ ಕಾಫಿಯ ಬೆಲೆ ಗಗನಕ್ಕೇರಿತು. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಕೊನೆಗೊಂಡುದರಿಂದ ಆ ಲಾಭ ನಮ್ಮ ಬೆಳೆಗಾರನ ಕೈಸೇರಿತು. 2001ರ ಸುಮಾರಿಗೆ ಬೆಲೆ ಕುಸಿದಾಗ ಅವನ ದುಡಿಮೆಯೇನೂ ಕುಸಿದಿರಲಿಲ್ಲ. ಏರಿದ್ದೂ ಇಳಿದದ್ದೂ ಅವನ ಕೈಯಲ್ಲಿರಲಿಲ್ಲ.

ವಾಚಕರು ಒಂದು ಮಾತನ್ನು ಯೋಚಿಸಬೇಕು. ಪರಿಶ್ರಮವೊಂದೇ ಸಿರಿಯ ಮೂಲವಾಗಿದ್ದರೆ, ಕಪಾತು ಮಾಡಿ, ಹಣ್ಣು ಕೊಯ್ದು, ಮೂಟೆ ಹೊತ್ತು ಲೈನ್ ಮನೆಗಳಲ್ಲಿ ಬಾಳಿದವರು ಎಂದೋ ಸಿರಿವಂತರಾಗಬೇಕಿತ್ತು. 1976ರಲ್ಲಿ ಜೀತಪದ್ಧತಿ ರದ್ದಿಯಾತಿ ಕಾಯಿದೆ ಬಂದಿತು. ಅದು ಆಳನ್ನು ಬಿಡಿಸಿತು, ಅವನಿಗೆ ನೆಲ ಕೊಡಲಿಲ್ಲ. ಆದ್ದರಿಂದಲೇ 2016ರ ಡಿಸೆಂಬರಿನಲ್ಲಿ ಸಿದ್ದಾಪುರದ ಬಳಿಯ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲುಗಳು ನೆಲಸಮವಾದುವು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿದಾಗ ಕರಡಿಗೋಡಿನ ಹೊಳೆದಂಡೆಯ ಬಡವರು ಮನೆ ಕಳೆದುಕೊಂಡರು. ಮಳೆ ಎಲ್ಲರ ಮೇಲೂ ಸುರಿಯಿತು. ದಂಡೆಯಲ್ಲಿ ಮನೆ ಕಟ್ಟಿಕೊಳ್ಳಬೇಕಾದ ಗತಿ ಮಾತ್ರ ಎಲ್ಲರದಾಗಿರಲಿಲ್ಲ.

ನಮ್ಮ ಶರಣರು ಇದನ್ನು ಬಲ್ಲವರಾಗಿದ್ದರು. ಅವರು ಕಾಯಕವನ್ನು ಎತ್ತಿಹಿಡಿದರು. ಆದರೆ ಕಾಯಕದ ಫಲ ತನ್ನೊಬ್ಬನದೆಂದು ಹೇಳಲಿಲ್ಲ. ಅದರ ಜೊತೆಗೆ ದಾಸೋಹವನ್ನಿಟ್ಟರು. ಪತಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಸುರಿದು ಬರಹೇಳಿದಳು. ಮಳೆಯಿಂದ ಬಂದುದು, ಹುಟ್ಟಿನಿಂದ ಬಂದುದು, ಪರರ ಬೆವರಿನಿಂದ ಬಂದುದು – ಇವನ್ನು ಕಳೆದರೆ ನಮ್ಮ ಸಂಪತ್ತಿನಲ್ಲಿ ನಮ್ಮ ಸ್ವಂತದ್ದು ಎಷ್ಟು ಉಳಿದೀತು? ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಿದವನಿಗೆ ದಾಸೋಹವು ದಾನವೆಂದು ತೋರದು, ಸಾಲದ ಮರುಪಾವತಿಯೆಂದೇ ತೋರುವುದು.