ಆ್ಯಪ್ ಮಳಿಗೆಯ ಸ್ಕ್ರೀನ್‌ಶಾಟ್: ಕೈಕೆಲಸದಿಂದ ಯಾಂತ್ರೀಕರಣಕ್ಕೆ

2008ರ ಜುಲೈನಲ್ಲಿ ಆ್ಯಪಲ್ ಕಂಪನಿಯ ಆ್ಯಪ್ ಸ್ಟೋರ್ ಆರಂಭವಾದ ಮೊದಲ ವರ್ಷಗಳಲ್ಲಿ, ಮೊಬೈಲ್ ಪರದೆಯ ಯಥಾವತ್ ಚಿತ್ರವಾದ ಸ್ಕ್ರೀನ್‌ಶಾಟನ್ನು ತಯಾರಕರು ಸಾಮಾನ್ಯವಾಗಿ ಕೈಯಾರೆ ತೆಗೆದು ಮಳಿಗೆಗೆ ಸೇರಿಸುತ್ತಿದ್ದರು. ಫೋನುಗಳ ಅಳತೆಗಳೂ ಭಾಷೆಗಳೂ ಹೆಚ್ಚಿದಂತೆ ಈ ಕೆಲಸ ಹೊರೆಯಾಯಿತು; ಐದು ಪರದೆಗಳನ್ನು 15 ಭಾಷೆಗಳಲ್ಲಿ, ನಾಲ್ಕು ಅಳತೆಗಳಲ್ಲಿ ತೋರಿಸಲು 300 ಚಿತ್ರಗಳು ಬೇಕಾಗುತ್ತಿದ್ದು, ವಿನ್ಯಾಸ ಬದಲಾದಾಗಲೆಲ್ಲ ಅಷ್ಟನ್ನೂ ಮತ್ತೆ ತೆಗೆಯಬೇಕಾಗುತ್ತಿತ್ತು.

ಈ ಹೊರೆಯನ್ನು ಇಳಿಸಲು ಫೆಲಿಕ್ಸ್ ಕ್ರೌಸೆ 2014ರಲ್ಲಿ ರೂಪಿಸಿದ ‘ಸ್ನ್ಯಾಪ್‌ಶಾಟ್’ ಎಂಬ ಮುಕ್ತ ತಂತ್ರಾಂಶವು ‘ಫಾಸ್ಟ್‌ಲೇನ್’ ಎಂಬ ಸಲಕರಣೆಗಳ ಸಮೂಹದ ಭಾಗವಾಗಿದ್ದು, ಕಂಪ್ಯೂಟರಿನಲ್ಲೇ ಫೋನನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಆ್ಯಪನ್ನು ಒಂದೊಂದು ಭಾಷೆಗೂ ತೆರೆದು, ಗುಂಡಿಗಳನ್ನು ತಾನೇ ಒತ್ತಿ, ಗೊತ್ತುಪಡಿಸಿದ ಪರದೆಗಳನ್ನು ಸೆರೆಹಿಡಿಯುತ್ತಿತ್ತು. ಆ್ಯಪಿನ ನಡೆಯನ್ನು ಯಂತ್ರವೇ ಪರೀಕ್ಷಿಸುವ ‘ಯುಐ ಟೆಸ್ಟ್’ ಸೌಲಭ್ಯವು 2015ರಲ್ಲಿ ಆ್ಯಪಲ್‌ನ ಆ್ಯಪ್ ತಯಾರಿಕೆಯ ತಂತ್ರಾಂಶವಾದ ಎಕ್ಸ್‌ಕೋಡ್ 7ರೊಂದಿಗೆ ಬಂದ ಮೇಲೆ ಈ ವಿಧಾನ ಅದರ ಆಧಾರದ ಮೇಲೆ ನಿಂತಿತು. ಆಂಡ್ರಾಯ್ಡ್‌ಗೆ ‘ಸ್ಕ್ರೀನ್‌ಗ್ರ್ಯಾಬ್’ ಅದೇ ಪಾತ್ರ ವಹಿಸಿತು.

2014ರ ಆಂಡ್ರಾಯ್ಡ್ 5.0 ಆವೃತ್ತಿಯಲ್ಲಿ ವ್ಯವಸ್ಥೆಯ ಭಾಷೆಗಳ ಸಾಲಿಗೆ ಸೇರಿದ ಕನ್ನಡಕ್ಕೂ ಇದರಿಂದ ನೇರ ಪ್ರಯೋಜನವಿದೆ. ಗುಂಡಿಯ ಅಂಚಿನಲ್ಲಿ ಕತ್ತರಿಸಿಹೋಗುವ ಒತ್ತಕ್ಷರ, ಜಾಗ ಸಾಲದೆ ಮುರಿಯುವ ಉದ್ದನೆಯ ಪದ ಇಂತಹ ಚಿತ್ರಗಳಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತವೆ. ಚಿತ್ರ ತೆಗೆಯುವ ಶ್ರಮವನ್ನು ಯಂತ್ರ ವಹಿಸಿಕೊಂಡರೂ, ಅದರಲ್ಲಿನ ಭಾಷೆ ಸರಿಯಿದೆಯೇ ಎಂದು ನೋಡುವ ಹೊಣೆ ಆ ಭಾಷೆ ಬಲ್ಲವರದೇ.